ಭಾಭಾ ಹಾಕಿದ ಸಂಕ

ಮಕ್ಕಳೇ, ಹಳ್ಳ ದಾಟಲು ಹಾಕಿದ ಕಾಲುಸಂಕವನ್ನು ನೀವು ನೋಡಿದ್ದೀರಿ. ಅದು ಎಷ್ಟು ಉಪಯುಕ್ತ ಎಂದು ತಿಳಿಯುವುದು ಹೇಗೆ? ಎಷ್ಟು ಜನ ಅದರ ಮೇಲೆ ನಡೆದು ಮುಂದೆ ಹೋದರು ಎಂಬುದರಿಂದ ಅಲ್ಲವೇ? ವಿಜ್ಞಾನಿ ಬರೆದ ಸಂಶೋಧನಾ ಲೇಖನವೂ ಹಾಗೆಯೇ. ಅದನ್ನು ಬಳಸಿಕೊಂಡ ಇತರ ವಿಜ್ಞಾನಿಗಳು ತಮ್ಮ ಲೇಖನದಲ್ಲಿ ಅದರ ಹೆಸರು ಹೇಳುತ್ತಾರೆ. ಇದೇ ‘ಉಲ್ಲೇಖ’.

ಯಲ್ಲಾಪುರದ ಆಚೆ, ಕಾಳಿ ನದಿಯ ದಂಡೆಯ ಕೈಗಾ ಅಣುವಿದ್ಯುತ್ ಸ್ಥಾವರದ ಹೆಸರು ಕೇಳಿದ್ದೀರಲ್ಲ? ನಮ್ಮ ದೇಶದ ಅಣುಶಕ್ತಿ ಕಾರ್ಯಕ್ಕೆ ಅಡಿಪಾಯ ಹಾಕಿದವರು ಹೋಮಿ ಜಹಾಂಗೀರ್ ಭಾಭಾ. ಅವರು ಮೊದಲು ಹೆಸರು ಮಾಡಿದ್ದು ಕಣ ವಿಜ್ಞಾನದಲ್ಲಿ.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯಲ್ಲಿ. ಮಗ ಎಂಜಿನಿಯರ್ ಆಗಲಿ ಎಂಬುದು ತಂದೆಯ ಆಸೆ. 1927ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಕಳುಹಿಸಿದರು. ಆದರೆ ಭಾಭಾ ಅವರ ಮನಸ್ಸು ಭೌತವಿಜ್ಞಾನದ ಕಡೆಗೆ ಎಳೆಯುತ್ತಿತ್ತು. ತಂದೆಯ ಮಾತನ್ನೂ ನಡೆಸಿದರು, ತಮ್ಮ ಆಸೆಯನ್ನೂ ಬಿಡಲಿಲ್ಲ. ಎಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ ಪಡೆದು, ಆಮೇಲೆ ಭೌತವಿಜ್ಞಾನಕ್ಕೆ ಬಂದರು.

ಎಲೆಕ್ಟ್ರಾನ್ ಋಣ ವಿದ್ಯುದಂಶವಿರುವ ಕಣ. ಅಷ್ಟೇ ತೂಕದ, ಧನ ವಿದ್ಯುದಂಶವಿರುವ ಕಣ ಪಾಸಿಟ್ರಾನ್. ಇವೆರಡೂ ಎದುರಾದಾಗ ಯಾವ ದಿಕ್ಕಿಗೆ ಎಷ್ಟು ಚದುರುತ್ತವೆ? ಭಾಭಾ ಲೆಕ್ಕ ಹಾಕಿ 1936ರಲ್ಲಿ ಪ್ರಕಟಿಸಿದರು. ಆಗ ಅವರಿಗೆ 26 ವರ್ಷ! ಮರುವರ್ಷ ಹೈಟ್ಲರ್ ಎಂಬ ವಿಜ್ಞಾನಿಯೊಂದಿಗೆ ಇನ್ನೊಂದು ಸಂಗತಿ ವಿವರಿಸಿದರು. ಆಕಾಶದಿಂದ ಬರುವ ವಿಶ್ವಕಿರಣದ ಒಂದೇ ಕಣ ಗಾಳಿಗೆ ಬಡಿದು ಕಣಗಳ ಮಳೆಯನ್ನೇ ಸುರಿಸುವುದು ಹೇಗೆ ಎಂಬುದೇ ಅದು.

1939ರಲ್ಲಿ ರಜೆಗೆಂದು ಊರಿಗೆ ಬಂದಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಕೇಂಬ್ರಿಜ್‌ಗೆ ಮರಳಲಾಗಲಿಲ್ಲ. ಆದರೆ ಕೆಲಸ ನಿಲ್ಲಲಿಲ್ಲ. ಸಿ.ವಿ. ರಾಮನ್ ಅವರಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ ವಿಶ್ವಕಿರಣಗಳ ಸಂಶೋಧನೆ ಮುಂದುವರಿಸಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮೊದಲು ಶುರುವಾದದ್ದೂ ಬೆಂಗಳೂರಿನಲ್ಲೇ. ಆಮೇಲೆ ಅದು ಮುಂಬಯಿಗೆ ಹೋಯಿತು.

ಸಂಸ್ಥೆಗಳನ್ನು ಕಟ್ಟುವ ಹೊಣೆ ಹೆಚ್ಚಿದಂತೆ ಭಾಭಾ ಬರೆಯುವ ಲೇಖನಗಳು ಕಡಿಮೆಯಾದವು. 1966ರ ಜನವರಿ 24ರಂದು ಆಲ್ಪ್ಸ್ ಪರ್ವತದಲ್ಲಿ ನಡೆದ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು.

ಅವರ ಲೆಕ್ಕ ಮಾತ್ರ ಉಳಿಯಿತು. ಜಿನೀವಾ ಬಳಿ ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಯಂತ್ರವೊಂದು 1989ರಿಂದ 2000ದವರೆಗೆ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸುತ್ತಿತ್ತು. ಅಲ್ಲಿ ಡಿಕ್ಕಿಗಳ ಪ್ರಮಾಣವನ್ನು ಅಳೆಯಲು ಬಳಸಿದ್ದು ಭಾಭಾ ಅವರ ಲೆಕ್ಕವನ್ನೇ. ಅಕ್ಕಿ ಅಳೆಯಲು ಸೇರು ಇದ್ದಂತೆ!

ಇಂದು ವಿಜ್ಞಾನಿಗಳು ಇದನ್ನು ‘ಭಾಭಾ ಚದುರುವಿಕೆ’ ಎಂದೇ ಕರೆಯುತ್ತಾರೆ. ಹೆಸರು ಅಷ್ಟು ರೂಢಿಯಾಗಿರುವುದರಿಂದ ಹಲವರು 1936ರ ಲೇಖನವನ್ನು ಬೇರೆಯಾಗಿ ಉಲ್ಲೇಖಿಸುವುದಿಲ್ಲ. ಹಾಗಾಗಿ ಉಲ್ಲೇಖಗಳನ್ನು ಎಣಿಸಿದರಷ್ಟೇ ಸಾಲದು. ದಿನವೂ ದಾಟುವ ಸಂಕವನ್ನು ಯಾರು ಹಾಕಿದರೆಂದು ನಾವೂ ಕೇಳುವುದಿಲ್ಲ, ಅಲ್ಲವೇ? ನಿಮ್ಮೂರಿನ ಸಂಕವನ್ನು ಮೊದಲು ಹಾಕಿದವರು ಯಾರು? ಹಿರಿಯರನ್ನು ಕೇಳಿ, ತಿಳಿದು ಬನ್ನಿ.