ನದಿಯ ದಂಡೆಯನ್ನೋದಿದ ಫೂಟ್ ಸಾಹೇಬರು

ನವಲಗುಂದ ಸೀಮೆಯ ನಮಗೆ ಬೆಣ್ಣೆಹಳ್ಳದ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಬಡಕಲಾಗಿ ಹರಿಯುವ ಈ ಹಳ್ಳ ಮಳೆಗಾಲದಲ್ಲಿ ಉಕ್ಕಿ ಎರೆಹೊಲಗಳ ದಂಡೆಯನ್ನು ಕೆಡವುತ್ತದೆ; ಆ ಮಣ್ಣಿನಲ್ಲಿ ಕೆಲವಷ್ಟನ್ನು ಮುಂದಿನ ತಿರುವಿನಲ್ಲಿ ಮೆಕ್ಕಲಾಗಿ ಹಾಸಿ, ಉಳಿದುದನ್ನು ಮಲಪ್ರಭೆಗೆ ಒಪ್ಪಿಸುತ್ತದೆ. ಈ ವ್ಯವಹಾರದಲ್ಲಿ ನಾವು ಕಾಣುವುದು ಹೊಲದ ಲಾಭಹಾನಿಯನ್ನಷ್ಟೇ. ನದಿಗಳ ಇಂಥ ಕೆಲಸದಲ್ಲಿ ಮನುಕುಲದ ಪ್ರಾಚೀನತೆಯನ್ನು ಕಂಡವರು ರಾಬರ್ಟ್ ಬ್ರೂಸ್ ಫೂಟ್. ಅವರ ಬಾಳನ್ನು ನನ್ನ ಸಹಪಾಠಿಗಳಿಗೆ ಪರಿಚಯಿಸಬೇಕೆಂಬುದೇ ನನ್ನ ಆಸೆ.

1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಫೂಟರು 1858ರಲ್ಲಿ ಭಾರತದ ಭೂಗರ್ಭ ಸಮೀಕ್ಷೆಯ ಇಲಾಖೆಯನ್ನು ಸೇರಿದರು. ಮರುವರುಷ, ಫ್ರಾನ್ಸಿನ ಸೊಮ್ ನದಿಯ ಜಲ್ಲಿಯಲ್ಲಿ ಸಿಕ್ಕ ಕಲ್ಲಿನ ಆಯುಧಗಳು ಅಳಿದುಹೋದ ಪ್ರಾಣಿಗಳ ಕಾಲದವೆಂದು ಯುರೋಪಿನ ವಿದ್ವಾಂಸರು ಒಪ್ಪಿಕೊಂಡರು. ಈ ಸುದ್ದಿ ಫೂಟರ ಕಣ್ಣನ್ನು ತೆರೆಸಿತು. 1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಅವರಿಗೊಂದು ಕಲ್ಲಿನ ಕೈಗೊಡಲಿ ದೊರೆಯಿತು. ಭಾರತದ ಪ್ರಾಗಿತಿಹಾಸದ ಅಧ್ಯಯನ ಅಲ್ಲಿಂದ ಮೊದಲಾಯಿತೆನ್ನಬಹುದು.

ಮುಂದೆ ಅವರು ನಮ್ಮ ಸೀಮೆಯನ್ನು ಸುತ್ತಿ, ಇಲ್ಲಿಯ ಭೂರಚನೆಯ ಮೇಲೆ ಬರೆದ ಗ್ರಂಥ 1876ರಲ್ಲಿ ಹೊರಬಂದಿತು. ಮಲಪ್ರಭೆಯ ಕಣಿವೆಯ ಜಲ್ಲಿಯಲ್ಲಿಯೂ ಅವರಿಗೆ ಬೆಣಚುಕಲ್ಲಿನ ಆಯುಧಗಳು ದೊರೆತವು. ಅವುಗಳ ಪ್ರಾಚೀನತೆಗೆ ನದಿಯೇ ಸಾಕ್ಷಿ. ವೇಗದ ನೀರು ಕಲ್ಲುಗಳನ್ನೂ ಉರುಳಿಸುತ್ತದೆ. ವೇಗ ತಗ್ಗಿದಂತೆ ಮೊದಲು ಗುಂಡುಗಲ್ಲು, ಆಮೇಲೆ ಮರಳು, ಕೊನೆಗೆ ನುಣುಪಾದ ಮಣ್ಣು ತಳವೂರುತ್ತವೆ. ಕದಡದ ದಪ್ಪ ಮೆಕ್ಕಲಿನ ಕೆಳಗೆ, ಜಲ್ಲಿಯಲ್ಲಿ ಹುದುಗಿದ ಆಯುಧವು ಆ ಮೆಕ್ಕಲಿಗಿಂತ ಹಿಂದಿನದೇ ಆಗಿರಬೇಕು. ಅಂಚುಗಳು ಸವೆದಿದ್ದರೆ ಅದು ದೂರದಿಂದ ಉರುಳಿ ಬಂದುದು, ಹರಿತವಾಗಿದ್ದರೆ ಹತ್ತಿರದ್ದು. ತಾನೇ ಹಾಸಿದ ಪದರನ್ನು ನದಿ ಮತ್ತೆ ಕೊರೆದಾಗ ಅದು ದಂಡೆಯಲ್ಲಿ ಹೊರಗೆ ಕಾಣುತ್ತದೆ. ಹೀಗೆ ನದಿಯ ಸಂಚಯ ಅದನ್ನು ಕಾಪಾಡಿತು, ಸವೆತ ಅದನ್ನು ತೋರಿಸಿತು.

ನಮ್ಮ ಧಾರವಾಡದ ಹೆಸರನ್ನು ಪುರಾತನ ಶಿಲಾಸಮೂಹವೊಂದಕ್ಕೆ ಇಟ್ಟು ಅದನ್ನು ಜಗತ್ತಿನ ಭೂಗರ್ಭಶಾಸ್ತ್ರದಲ್ಲಿ ನಿಲ್ಲಿಸಿದವರೂ ಇವರೇ. 1891ರಲ್ಲಿ ನಿವೃತ್ತರಾದ ಮೇಲೆ ಮೈಸೂರು ಸಂಸ್ಥಾನದಲ್ಲಿಯೂ ದುಡಿದರು. ಅವರ ಅಮೂಲ್ಯ ಸಂಗ್ರಹ 1904ರಲ್ಲಿ ಮದ್ರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರಲ್ಲಿ ಅವರು ತೀರಿಕೊಂಡರು.

ಇಂದು ನದಿಪಾತ್ರದ ಮರಳನ್ನೂ ಜಲ್ಲಿಯನ್ನೂ ಲಾರಿಗಳಲ್ಲಿ ತುಂಬಿ ಸಾಗಿಸುವುದನ್ನು ಕಂಡಾಗ ನನಗೆ ಫೂಟರ ನೆನಪಾಗುತ್ತದೆ. ಪದರು ಕದಡಿದ ಮೇಲೆ ಆಯುಧ ಉಳಿದರೂ ಅದರ ಕಾಲವನ್ನು ಹೇಳುವ ಸಾಕ್ಷಿ ಉಳಿಯುವುದಿಲ್ಲ. ನದಿ ಕೊರೆದ ದಂಡೆಯನ್ನು ಇನ್ನೊಂದು ಮಳೆಗಾಲದಲ್ಲಿ ಓದಬಹುದು. ಸಲಿಕೆ ಅಳಿಸಿದ ಪುಟವನ್ನು ಯಾವ ಮಳೆಯೂ ಮರಳಿ ಬರೆಯಲಾರದು.