ಖಜಾನೆಯ ಅಮಾನತ್ತು ಕಾಯ್ದ ಸಾಲಾರ್ ಜಂಗ್

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲವದು. 1853ರಲ್ಲಿ ಮೀರ್ ತುರಾಬ್ ಅಲೀ ಖಾನ್, ಅಂದರೆ ಒಂದನೆಯ ಸಾಲಾರ್ ಜಂಗ್, ದಿವಾನರಾದಾಗ ಅವರಿಗೆ ಕೇವಲ 24 ವರ್ಷ. ಖಜಾನೆ ಬರಿದಾಗಿತ್ತು. ಸಾಲಕ್ಕಾಗಿ ತಾಲೂಕುಗಳ ಕಂದಾಯವೇ ಒತ್ತೆ ಬಿದ್ದಿತ್ತು.

ಆಗ ಕಂದಾಯ ವಸೂಲಿಯನ್ನು ಗುತ್ತಿಗೆಗೆ ಕೊಡುತ್ತಿದ್ದರು. ಬೆಳೆ ಬರಲಿ, ಬಿಡಲಿ, ಗುತ್ತಿಗೆದಾರನು ತಾನು ಒಪ್ಪಿದ ಮೊತ್ತವನ್ನೂ ತನ್ನ ಲಾಭವನ್ನೂ ರೈತನಿಂದಲೇ ಕೀಳುತ್ತಿದ್ದ. ನೆಲದಿಂದ ನಿಜವಾಗಿ ಎಷ್ಟು ಬಂದೀತೆಂಬುದು ಸರಕಾರಕ್ಕೇ ತಿಳಿಯುತ್ತಿರಲಿಲ್ಲ.

ಸಾಲಾರ್ ಜಂಗ್ ಗುತ್ತಿಗೆದಾರರನ್ನು ಹಂತಹಂತವಾಗಿ ತೆಗೆದು ಸಂಬಳದ ಅಧಿಕಾರಿಗಳನ್ನು ನೇಮಿಸಿದರು. 1865ರಲ್ಲಿ ಜಿಲಾಬಂದಿ ಜಾರಿಗೊಳಿಸಿ ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸಿದರು. ಮುಂದೆ ಭೂಮಾಪನವೂ ಆರಂಭವಾಯಿತು. ಹರಾಜಿನ ಕೂಗಿನ ಮೇಲೆ ನಿಂತಿದ್ದ ಆದಾಯದ ಅಂದಾಜು ಹೊಲದ ಅಳತೆಯತ್ತ ಸರಿಯಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೂಲಕ ಸಿಕಂದರಾಬಾದಿಗೆ ರೈಲು ಓಡಿದ್ದೂ ಅವರ ಕಾಲದಲ್ಲೇ.

ಮೂವತ್ತು ವರ್ಷ ದಿವಾನರಾಗಿದ್ದ ಅವರು 1883ರ ಫೆಬ್ರವರಿ 8ರಂದು ಕಾಲರಾದಿಂದ ನಿಧನರಾದರು.

ಖಜಾನೆಯು ಪ್ರಜೆಗಳ ಅಮಾನತ್ತು. ಬರುವ ಹಣವನ್ನು ಇದ್ದುದಕ್ಕಿಂತ ಹೆಚ್ಚೆಂದು ಅಂದಾಜಿಸಿದರೆ ಆ ಸುಳ್ಳಿನ ಭಾರ ಕೊನೆಗೆ ಬಡವನ ಬೆನ್ನಿಗೇ ಬೀಳುತ್ತದೆ. ಸರಕಾರದ ಲೆಕ್ಕ ಬರೆಯುವ ಪ್ರತಿಯೊಬ್ಬರೂ ಇದನ್ನು ನೆನಪಿಡಬೇಕು.