ಮೊದಲು ಯಾರಿಗೆ ಚಿಕಿತ್ಸೆ? ಯುದ್ಧಭೂಮಿಯ ವೈದ್ಯ ಲಾರೆ ಕಲಿಸಿದ ಪಾಠ

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ವಾರ ನಮ್ಮ ಅಬ್ಬಾ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರು. 108ಕ್ಕೆ ಫೋನ್ ಮಾಡಿದೆವು. ಆಂಬ್ಯುಲೆನ್ಸ್ ಸಿಬ್ಬಂದಿ ಕಾಲು ಅಲುಗಾಡದಂತೆ ಕಟ್ಟಿ, ಆಸ್ಪತ್ರೆಗೆ ತಲುಪಿಸಿದರು. ಅಲ್ಲಿ ಕಾಯುತ್ತಿದ್ದಾಗ ನಮಗಿಂತ ಅರ್ಧ ಗಂಟೆ ತಡವಾಗಿ ಬಂದ ಹುಡುಗನೊಬ್ಬನನ್ನು ಮೊದಲು ಒಳಗೆ ಕರೆದೊಯ್ದರು. ಅವನ ಮೈಮೇಲೆ ಒಂದು ಹನಿ ರಕ್ತವೂ ಕಾಣುತ್ತಿರಲಿಲ್ಲ. ಅಬ್ಬಾ ನೋವಿನಿಂದ ನರಳುತ್ತಿದ್ದರು. ನನಗೆ ಸಿಟ್ಟು ತಡೆಯಲಾಗಲಿಲ್ಲ, ಎಲ್ಲರೆದುರು ಸಿಸ್ಟರ್ ಮೇಲೆ ಕೂಗಾಡಿಬಿಟ್ಟೆ. ಆ ಹುಡುಗನಿಗೆ ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತಿತ್ತು ಎಂದು ಆಮೇಲೆ ತಿಳಿಯಿತು.

ಕಾಲೇಜು ಆರಂಭವಾದ ಮೇಲೆ ಈ ವಿಷಯವನ್ನು ನಮ್ಮ ಜೀವಶಾಸ್ತ್ರ ಉಪನ್ಯಾಸಕರಿಗೆ ಹೇಳಿದೆ. ಅವರು ಬೈಯಲಿಲ್ಲ. ಡೊಮಿನಿಕ್ ಜೀನ್ ಲಾರೆ ಎಂಬ ವೈದ್ಯನ ಬಗ್ಗೆ ಓದು ಎಂದಷ್ಟೇ ಹೇಳಿದರು. ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಲಾರೆ ಹುಟ್ಟಿದ್ದು 1766ರಲ್ಲಿ, ಫ್ರಾನ್ಸಿನ ಪಿರನೀಸ್ ಬೆಟ್ಟಗಳ ಒಂದು ಸಣ್ಣ ಹಳ್ಳಿಯಲ್ಲಿ. ಹದಿಮೂರನೆಯ ವಯಸ್ಸಿಗೇ ಅನಾಥನಾದ. ತುಲೂಸ್ ನಗರದಲ್ಲಿ ಶಸ್ತ್ರಚಿಕಿತ್ಸಕನಾಗಿದ್ದ ಸಂಬಂಧಿಯೊಬ್ಬ ಅವನನ್ನು ಸಾಕಿ ವೈದ್ಯವಿದ್ಯೆ ಕಲಿಸಿದ. ಮುಂದೆ ಪ್ಯಾರಿಸ್ಸಿನಲ್ಲಿ ಓದು ಮುಂದುವರಿಸಿ, 1792ರಲ್ಲಿ ರೈನ್ ನದಿ ಕಡೆಯ ಫ್ರೆಂಚ್ ಸೈನ್ಯಕ್ಕೆ ವೈದ್ಯನಾಗಿ ಸೇರಿದ.

ಅಲ್ಲಿ ಕಂಡದ್ದು ಅವನ ನೆಮ್ಮದಿ ಕೆಡಿಸಿತು. ಆಗಿನ ನಿಯಮದಂತೆ ಚಿಕಿತ್ಸಾ ಗಾಡಿಗಳು ಸೈನ್ಯದಿಂದ ಸುಮಾರು ನಾಲ್ಕು ಕಿಲೋಮೀಟರ್ ಹಿಂದೆಯೇ ನಿಲ್ಲಬೇಕಿತ್ತು. ಯುದ್ಧ ಮುಗಿದ ನಂತರವೇ ಗಾಯಾಳುಗಳನ್ನು ಎತ್ತುತ್ತಿದ್ದರು. ಒಂದು ದಿನ, ಒಂದೂವರೆ ದಿನ ಬಿದ್ದಲ್ಲೇ ಬಿದ್ದು ಎಷ್ಟೋ ಮಂದಿ ಸಾಯುತ್ತಿದ್ದರು. ಅದೇ ಯುದ್ಧಭೂಮಿಯಲ್ಲಿ ಫಿರಂಗಿಗಳನ್ನು ಮಾತ್ರ ಕುದುರೆಗಳು ಕ್ಷಣದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದೊಯ್ಯುತ್ತಿದ್ದವು. ಕೊಲ್ಲುವ ಸಾಧನ ಇಷ್ಟು ಬೇಗ ಓಡುವಾಗ ಉಳಿಸುವ ಸಾಧನ ಏಕೆ ಓಡಬಾರದು ಎಂದು ಲಾರೆ ಯೋಚಿಸಿದ.

ಹೀಗೆ ಹುಟ್ಟಿದ್ದೇ ಅವನ ಹಾರುವ ಆಂಬ್ಯುಲೆನ್ಸ್. ಎರಡು ಕುದುರೆ ಎಳೆಯುವ, ಎರಡು ಚಕ್ರದ ಹಗುರ ಗಾಡಿ ಅದು. ಕುಲುಕಾಟ ತಡೆಯಲು ಸ್ಪ್ರಿಂಗ್, ಗಾಳಿಗೆ ಕಿಟಕಿ, ಒಳಗೆ ಹಾಸಿಗೆ. ಗಾಯಾಳುವನ್ನು ಮಲಗಿಸಿ ಒಳಕ್ಕೆ ತಳ್ಳಲು ಉರುಳೆಗಳಿದ್ದ ಹಲಗೆಯೂ ಇತ್ತು. ಗಾಡಿಯ ಜೊತೆಗೆ ವೈದ್ಯರೂ ಪಟ್ಟಿ ಕಟ್ಟುವವರೂ ಗುಂಡು ಹಾರುವ ಜಾಗಕ್ಕೇ ಹೋಗುತ್ತಿದ್ದರು. 1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಲಾರೆಯೂ ಜೊತೆಗಿದ್ದ. ಮರಳಿನಲ್ಲಿ ಗಾಡಿ ಸಾಗದೆಂದು ಒಂಟೆಗಳ ಎರಡೂ ಬದಿಗೆ ಪೆಟ್ಟಿಗೆ ಕಟ್ಟಿ ಗಾಯಾಳುಗಳನ್ನು ಸಾಗಿಸಿದ.

ಗಾಡಿಗಿಂತಲೂ ದೊಡ್ಡದು ಅವನ ನಿಯಮ. ಯಾರ ಗಾಯ ಹೆಚ್ಚು ಅಪಾಯದ್ದೋ ಅವರಿಗೆ ಮೊದಲು ಚಿಕಿತ್ಸೆ. ಅಧಿಕಾರಿಯೋ ಸಾಮಾನ್ಯ ಸಿಪಾಯಿಯೋ, ನಮ್ಮವನೋ ಶತ್ರುವೋ ಎಂದು ನೋಡುವಂತಿಲ್ಲ. ಇಂದು ಆಸ್ಪತ್ರೆಗಳಲ್ಲಿ ಟ್ರಯಾಜ್ ಎಂದು ಕರೆಯುವುದು ಇದನ್ನೇ, ಆ ಹೆಸರು ಬಂದದ್ದು ಮಾತ್ರ ಅವನ ಕಾಲದ ನಂತರ. ಈ ಭಾಗ ಓದುವಾಗ ನನಗೆ ಆ ರಾತ್ರಿಯ ನೆನಪಾಗಿ ನಾಚಿಕೆಯಾಯಿತು.

ಅವನ ಬದುಕು ಸುಲಭದ್ದಾಗಿರಲಿಲ್ಲ. 1812ರಲ್ಲಿ ರಷ್ಯಾದ ಬೊರೊಡಿನೊ ಯುದ್ಧದಲ್ಲಿ ಒಂದೇ ದಿನದಲ್ಲಿ ಸುಮಾರು 200 ಮಂದಿಯ ಕೈಕಾಲು ಕತ್ತರಿಸಿದ. ಅರಿವಳಿಕೆ ಇನ್ನೂ ಬಳಕೆಗೆ ಬಂದಿರಲಿಲ್ಲ. 1815ರಲ್ಲಿ ವಾಟರ್ಲೂ ಯುದ್ಧದಲ್ಲಿ ಪ್ರಷ್ಯಾದ ಸೈನಿಕರಿಗೆ ಸೆರೆಸಿಕ್ಕ. ಗುಂಡಿಕ್ಕಿ ಕೊಲ್ಲುವ ಆದೇಶವೂ ಆಯಿತು. ಅಷ್ಟರಲ್ಲಿ ಅವನ ಪಾಠ ಕೇಳಿದ್ದ ವೈದ್ಯನೊಬ್ಬ ಗುರುತು ಹಿಡಿದ. ಪ್ರಷ್ಯಾದ ಸೇನಾಪತಿ ಬ್ಲೂಖರ್‌ನ ಮಗನಿಗೂ ಹಿಂದೊಮ್ಮೆ ಲಾರೆಯೇ ಚಿಕಿತ್ಸೆ ಮಾಡಿದ್ದ. ಶತ್ರುವೆಂದು ನೋಡದೆ ಮಾಡಿದ ಆ ಉಪಚಾರವೇ ಅವನ ಪ್ರಾಣ ಉಳಿಸಿತು. ನೆಪೋಲಿಯನ್ ತನ್ನ ಮರಣಶಾಸನದಲ್ಲಿ ಅವನಿಗೆ ಒಂದು ಲಕ್ಷ ಫ್ರಾಂಕ್ ಬರೆದಿಟ್ಟ. ಲಾರೆ 1842ರಲ್ಲಿ ತೀರಿಕೊಂಡ.

ಯುದ್ಧದ ಈ ಪದ್ಧತಿ ಊರಿನ ಬೀದಿಗೆ ಬಂದದ್ದು ಅವನ ಕಾಲದ ನಂತರ. ಅಮೆರಿಕದ ಅಂತರ್ಯುದ್ಧದಲ್ಲಿ, 1862ರಲ್ಲಿ, ಜೊನಾಥನ್ ಲೆಟರ್‌ಮನ್ ಎಂಬ ಸೇನಾ ವೈದ್ಯ ಆಂಬ್ಯುಲೆನ್ಸ್‌ಗಳಿಗಾಗಿಯೇ ತರಬೇತಾದ ಪಡೆ ಕಟ್ಟಿದ. ಅದೇ ಯುದ್ಧದಲ್ಲಿ ದುಡಿದಿದ್ದ ಡಾ. ಎಡ್ವರ್ಡ್ ಡಾಲ್ಟನ್ 1869ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಿಂದ ಜನಸಾಮಾನ್ಯರಿಗಾಗಿ ಕುದುರೆಗಾಡಿಯ ಆಂಬ್ಯುಲೆನ್ಸ್ ಸೇವೆ ಆರಂಭಿಸಿದ. ತಂತಿ ಸಂದೇಶ ಬಂದ ಕೂಡಲೇ ವೈದ್ಯನ ಸಮೇತ ಗಾಡಿ ಹೊರಡುತ್ತಿತ್ತು. ಒಳಗೆ ಪಟ್ಟಿ, ಕಂಬಳಿ, ರಕ್ತ ತಡೆಯುವ ಸಾಧನ ಸಿದ್ಧವಿರುತ್ತಿತ್ತು. ಅಬ್ಬಾ ಮಲಗಿದ್ದ 108 ವಾಹನವೂ ಮಾಡಿದ್ದು ಇದನ್ನೇ: ರೋಗಿ ಬರಲಿ ಎಂದು ಕಾಯದೆ, ರೋಗಿ ಇದ್ದಲ್ಲಿಗೆ ಚಿಕಿತ್ಸೆಯನ್ನೇ ತಂದಿತು.

ಅಬ್ಬಾನ ಪ್ಲಾಸ್ಟರ್ ತೆಗೆಸಲು ಹೋದ ದಿನ ನಾನು ಆ ಸಿಸ್ಟರ್‌ರನ್ನು ಹುಡುಕಿ ಕ್ಷಮೆ ಕೇಳಿದೆ. ಅವರಿಗೆ ನನ್ನ ಮುಖ ನೆನಪಿರಲಿಲ್ಲ. ದಿನವೂ ಯಾರಾದರೂ ಕೂಗಾಡುತ್ತಾರೆ ಎಂದು ನಕ್ಕರು. ಆ ಹುಡುಗ ಚೇತರಿಸಿಕೊಂಡು ಮನೆಗೆ ಹೋದ ಎಂದೂ ಹೇಳಿದರು.

ಸ್ನೇಹಿತರೇ, ನಮ್ಮ ಮನೆಯವರ ನೋವು ನಮಗೆ ಎಲ್ಲಕ್ಕಿಂತ ದೊಡ್ಡದು, ಅದು ಸಹಜ. ಆದರೆ ಆಸ್ಪತ್ರೆಯಲ್ಲಿ ಕಾಯಿರಿ ಎಂದು ಹೇಳಿದರೆ ಕೋಪಿಸಿಕೊಳ್ಳುವ ಮುನ್ನ ಒಂದು ಕ್ಷಣ ಯೋಚಿಸೋಣ. ಕಾಯಬಹುದಾದ ಸ್ಥಿತಿಯಲ್ಲಿ ನಮ್ಮವರಿದ್ದಾರೆ ಎಂಬುದೂ ಒಂದು ಸಮಾಧಾನವೇ.